ಕುಮಾರೇಶ ಮನೆಗೆ ಬಂದ, ಗಂಡಾಂತರ ಕಳೆದಿರಲಿಲ್ಲ

ಜೈಲಿಂದ ಬಂದವರ ಹತ್ತಿರ ಏನು ಮಾತಾಡಬೇಕು ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆ ಮನೆಗೆ ಹೋದರೆ ಆಡೋಕೆ ಮಾತಿದೆ, ಸಾವಿನ ಮನೆಗೆ ಹೋದರೂ ಮಾತಿದೆ. ಇದಕ್ಕೆ ಮಾತಿಲ್ಲ. ಅದಕ್ಕೇ ಎಲ್ಲರೂ ಬಾಯಿ ಮುಚ್ಚಿಕೊಂಡು ಬಿಡುತ್ತೇವೆ.

ನಾನು ಲಕ್ಷ್ಮೀದೇವಮ್ಮ. ತಮಿಳುನಾಡಿನ ಗಡಿಯಲ್ಲಿರೋ ತಳಿ ಅನ್ನೋ ಊರಿನ ಪಕ್ಕದ ಹಳ್ಳಿಯವಳು. ನಮ್ಮ ಪಕ್ಕದ ಮನೆ ಪಾಪಯ್ಯ, ಅಂಜಿನಮ್ಮ ಅವರದು. ಅವರ ಮಗ ಕುಮಾರೇಶ ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದ. ಸೊಸೆ ಪವಿತ್ರ ಸೇವಂತಿ ತೋಟ ನೋಡಿಕೊಳ್ಳುತ್ತಿದ್ದಳು. ಹೊಲದ ಬದುವಿನ ಜಗಳದಲ್ಲಿ ಕುಮಾರೇಶ ನಮ್ಮೂರ ದೊಡ್ಡವೆಂಕಟಪ್ಪನಿಗೆ ಹೊಡೆದ. ಏಟು ತಲೆಗೆ ಬಿತ್ತು. ಅವನು ಆಸ್ಪತ್ರೆ ಸೇರಿದ, ಇವನು ಜೈಲು ಸೇರಿದ. ತಪ್ಪು ಮಾಡಲಿಲ್ಲ ಅಂತ ನಾನು ಹೇಳೋದಿಲ್ಲ.

ಕೆಲವು ತಿಂಗಳಾದ ಮೇಲೆ ಜಾಮೀನು ಸಿಕ್ಕಿತು. ಅಂಜಿನಮ್ಮ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು, ತಲೆಗೆ ನೀರು ಹಾಕಿದಳು. "ಪೀಡೆ ಕಳೀತು ಕಣಕ್ಕಾ" ಅಂದಳು ನನಗೆ. ನಾನೂ ಹಾಗೇ ಅಂದುಕೊಂಡೆ.

ಆದರೆ ಹುಡುಗ ಗೋಡೆಗೆ ಒರಗಿ ಕೂತವನು ಏಳಲಿಲ್ಲ. ತಟ್ಟೆಗೆ ಹಾಕಿದ ಮುದ್ದೆ ಹಾಗೇ ಉಳಿಯೋದು. ಫ್ಯಾಕ್ಟರಿಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಸ್ಟೇಷನ್‌ಗೆ ಜಾಮೀನಿನ ಸೈನ್ ಹಾಕೋಕೆ ಹೋದರೆ ಬಸ್ಸಲ್ಲಿ ಪಕ್ಕದ ಸೀಟಿಗೆ ಯಾರೂ ಬರುತ್ತಿರಲಿಲ್ಲ. ಪಾಪಯ್ಯನಂತೂ ಮಗನ ಮುಖ ನೋಡಿ ಮಾತಾಡಿದ್ದೇ ಇಲ್ಲ. ಗೋಡೆಗೆ ಹೇಳೋ ಹಾಗೆ, "ವಂಶದಲ್ಲೇ ಯಾರೂ ಮಾಡದ ಕೆಲಸ ಮಾಡ್ಬುಟ್ಟ" ಅನ್ನೋನು.

ಒಂದು ಬೆಳಿಗ್ಗೆ ನಾವೆಲ್ಲ ಅವರ ಜಗಲಿಯಲ್ಲಿ ಹೂವು ಆರಿಸುತ್ತಾ ಕೂತಿದ್ದೆವು. ಕುಮಾರೇಶನ ಫೋನ್ ಹೊಡೆದುಕೊಂಡಿತು. ಅವನು ಎತ್ತಲಿಲ್ಲ, ಪವಿತ್ರ ಎತ್ತಿದಳು. ಆ ಕಡೆ ಶಶಿಕಲಾ ಅಂತ ಒಬ್ಬ ಹುಡುಗಿ, ಬಾಗಲೂರಿನವಳು. ಅವಳ ಅಣ್ಣ ಯುವರಾಜನೂ ನಮ್ಮ ಕುಮಾರೇಶನೂ ಜೈಲಲ್ಲಿ ಒಂದೇ ರೂಮಲ್ಲಿದ್ದವರು. ಬಿಡುಗಡೆಯೂ ಒಬ್ಬರ ಹಿಂದೆ ಒಬ್ಬರಿಗೆ ಆಗಿತ್ತು.

ಯುವರಾಜ ಆತ್ಮಹತ್ಯೆ ಮಾಡಿಕೊಂಡಿದ್ದ.

ಪವಿತ್ರಳ ಕೈಯಿಂದ ಫೋನ್ ಜಾರಿತು. ಅಂಜಿನಮ್ಮ "ಅಯ್ಯಯ್ಯೋ" ಅಂತ ಕೂಗಿದಳು. ಪಾಪಯ್ಯ ಎದ್ದು ನಿಂತ, ಮತ್ತೆ ಕೂತ.

"ಅಲ್ಲಾ, ಒಳಗಿದ್ದಾಗೆಲ್ಲ ಬದುಕಿದ್ದೋನು ಮನೆಗೆ ಬಂದ್ಮೇಲೆ ಯಾಕ್ ಸತ್ತ? ಬಿಟ್ಟಾಗಿತ್ತಲ್ಲಾ! ಅಮ್ಮನ ಕೈ ಊಟ ತಿಂತಿದ್ನಲ್ಲಾ!" ಅಂದಳು ಅಂಜಿನಮ್ಮ.

ಕುಮಾರೇಶ ಅಳಲಿಲ್ಲ. ಹೂವಿನ ರಾಶಿ ನೋಡುತ್ತಾ ಮೆಲ್ಲಗೆ ಅಂದ, "ಅವನಿಗೆ ಬಿಡುಗಡೆ ಆಯ್ತು ಬಿಡು."

ಆ ಮಾತು ಕೇಳಿದ್ದೇ ಪವಿತ್ರ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಚಿಕ್ಕಮ್ಮ, ಮೊನ್ನೆ ಇವರು ನನಗೆ, ನೀನು ಅಮ್ಮನ ಮನೆಗೆ ಹೋಗ್ಬುಡು, ಚೆನ್ನಾಗಿರು, ನನ್ನಿಂದ ಎಲ್ಲಾರ್ಗೂ ಭಾರ ಅಂದ್ರು. ಬೇಜಾರಲ್ಲಿ ಅಂತಾರೆ ಅಂದ್ಕೊಂಡೆ. ಅವರ ವಾಚ್ ಇಲ್ವಾ, ಅದನ್ನ ನನ್ ತಮ್ಮನಿಗೆ ಕೊಟ್ಬುಟ್ರು. ನಂಗೆ ಭಯ ಆಗ್ತದೆ."

ಅವತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ನರ್ಸಮ್ಮ ನಾಗವೇಣಿ ಬಂದಿದ್ದರು. ನಾವಿಬ್ಬರೂ ಓಡಿದೆವು. ನಾವು ಹೇಳಿ ಮುಗಿಸೋ ತನಕ ಕೇಳಿದರು. ಕೊನೆಯ ಮಗುವಿಗೆ ಸೂಜಿ ಹಾಕಿದ್ದೇ, ಡಬ್ಬ ಮುಚ್ಚಿ ನಮ್ಮ ಜೊತೆ ಹೊರಟರು.

ಪಾಪಯ್ಯನಿಗೆ ಸಿಟ್ಟು ಬಂತು. "ನನ್ ಮಗನಿಗೆ ಹುಚ್ಚು ಹಿಡಿದೈತಾ, ನರ್ಸಮ್ಮನ್ನ ಕರ್ಕೊಂಡ್ ಬಂದಿದೀರಾ? ಕಷ್ಟ ಎಲ್ಲಾ ಜೈಲಲ್ಲೇ ಮುಗೀತು."

"ಅಲ್ಲೇ ಪಾಪಯ್ಯಣ್ಣ ನಾವು ತಪ್ಪು ತಿಳ್ಕೊಳ್ಳೋದು" ಅಂದರು ನಾಗವೇಣಿ. "ಜೈಲಿಂದ ಬಂದ ಮೊದಲ ದಿನಗಳು, ಮೊದಲ ವಾರಗಳೇ ಜೀವಕ್ಕೆ ಬಹಳ ಅಪಾಯ. ಒಳಗಿದ್ದಾಗ ಮನೆಗೆ ಹೋದ್ರೆ ಎಲ್ಲಾ ಸರಿಹೋಗ್ತದೆ ಅಂತ ಒಂದು ಆಸೆ ಇರ್ತದೆ. ಮನೆಗೆ ಬಂದ್ರೆ ಕೆಲಸ ಇಲ್ಲ, ಕೇಸ್ ಮುಗಿದಿಲ್ಲ, ಜನ ಮಾತಾಡ್ಸಲ್ಲ. ಆ ಆಸೆ ಮುರಿಯೋದು ಇಲ್ಲೇ, ನಮ್ ಕಣ್ಮುಂದೆ. ನಮಗೆ ಗೊತ್ತಾಗಲ್ಲ."

"ನಾವು ಊಟಕ್ಕೆ ಹಾಕ್ತಿಲ್ವಾ?"

"ಹಾಕ್ತಿದೀರಾ. ಮಾತಾಡ್ಸಿದೀರಾ?"

ಪಾಪಯ್ಯ ಟವೆಲ್ ಕೊಡವಿಕೊಂಡು ಆ ಕಡೆ ತಿರುಗಿದ.

ನಾಗವೇಣಿ ಕುಮಾರೇಶನ ಎದುರಿಗೆ ನೆಲದಲ್ಲೇ ಕೂತರು. ಯುವರಾಜನ ವಿಷಯ ಕೇಳಿದರು. ನಿದ್ದೆ ಬರುತ್ತಾ ಅಂತ ಕೇಳಿದರು. ಆಮೇಲೆ ನೇರವಾಗಿ, "ಕುಮಾರೇಶಾ, ನಿನಗೂ ಸಾಯ್ಬೇಕು ಅಂತ ಅನ್ನಿಸ್ತಿದೆಯಾ?" ಅಂದುಬಿಟ್ಟರು.

ಅಂಜಿನಮ್ಮ ಕಿರುಚಿಕೊಂಡಳು. "ಬಿಡ್ತು ಅನ್ನಮ್ಮಾ! ಅವನ ತಲೇಲಿ ಇಲ್ದೇ ಇರೋದನ್ನ ಯಾಕ್ ಹಾಕ್ತೀಯಾ?"

"ಕೇಳಿದ್ರೆ ಯಾರೂ ಸಾಯಲ್ಲ ಅಕ್ಕಾ. ಕೇಳೋರಿಲ್ದೆ ಒಳಗೇ ಇಟ್ಕೊಂಡಾಗ್ಲೇ ಅಪಾಯ" ಅಂದರು ನಾಗವೇಣಿ. ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಕುಮಾರೇಶ ತಲೆ ಆಡಿಸಿದ. "ಹೂಂ" ಅಂದ. "ದಿನಾ."

ನಾವು ದಿನಾ ಅದೇ ಜಗಲಿಯಲ್ಲಿ ಕೂತು ಹೂವಿನ ರೇಟು ಮಾತಾಡಿದ್ದೆವು, ಸೀರಿಯಲ್ ಕಥೆ ಮಾತಾಡಿದ್ದೆವು. ಪಕ್ಕದಲ್ಲೇ ಈ ಹುಡುಗ ದಿನಾ ಸಾಯೋದನ್ನು ಯೋಚನೆ ಮಾಡುತ್ತಿದ್ದ. ಪಾಪಯ್ಯ ಕಂಬ ಹಿಡಿದುಕೊಂಡ.

"ಹೇಳಿದ್ದು ಒಳ್ಳೇದಾಯ್ತು ಕಣಪ್ಪಾ. ಇನ್ಮೇಲೆ ಇದನ್ನ ನೀನು ಒಬ್ನೇ ಹೊರೋದು ಬೇಡ" ಅಂದರು ನಾಗವೇಣಿ.

ಆಮೇಲೆ ಸುಮ್ಮನೆ ಕೂರಲು ಯಾರನ್ನೂ ಬಿಡಲಿಲ್ಲ. ತೋಟಕ್ಕೆ ಹೊಡೆಯುವ ಔಷಧಿ, ಇನ್ನೇನೇನು ಅಪಾಯ ಅನ್ನಿಸಿತೋ ಅದೆಲ್ಲ ನಮ್ಮ ಮನೆಗೆ ಬಂತು. ನಾನು ಬೀಗ ಹಾಕಿದೆ. ಅವನನ್ನು ಒಂಟಿಯಾಗಿ ಬಿಡಬಾರದು ಅಂತ ಸರದಿ ಮಾಡಿಕೊಂಡೆವು. ಅದೇ ದಿನ ಜೀಪಲ್ಲಿ ಹೊಸೂರು ಜಿ.ಎಚ್.ಗೆ, ಅಂದರೆ ಸರ್ಕಾರಿ ಆಸ್ಪತ್ರೆಗೆ, ಕರೆದುಕೊಂಡು ಹೋದೆವು. ಮನಸ್ಸಿನ ಡಾಕ್ಟರ್ ಉಷಾರಾಣಿ ಅವನ ಹತ್ತಿರ ಬೇರೆ ಕೂತು ಮಾತಾಡಿದರು, ಮಾತ್ರೆ ಕೊಟ್ಟರು. "ಇದು ಹುಚ್ಚಲ್ಲ. ಮನಸ್ಸಿಗೆ ಬಿದ್ದ ಏಟು. ವಾಸಿಯಾಗ್ತದೆ, ಆದ್ರೆ ಟೈಮ್ ಬೇಕು" ಅಂದರು. ಕಷ್ಟ ಬಂದಾಗ ಫೋನ್ ಮಾಡೋಕೆ 14416 ಅನ್ನೋ ನಂಬರ್ ಕೊಟ್ಟರು. ಅವನ ಫೋನಲ್ಲೂ ಪವಿತ್ರಳ ಫೋನಲ್ಲೂ ಅದನ್ನು ಹಾಕಿಕೊಂಡೆವು.

ಪಾಪಯ್ಯ ಮಾತ್ರ ಮಗನ ಹತ್ತಿರ ಮಾತಾಡಲಿಲ್ಲ. ಮಾತಾಡಬೇಕು ಅಂತ ಅವನಿಗೂ ಇತ್ತು. ಬಾಯಿ ಬರುತ್ತಿರಲಿಲ್ಲ.

ಒಂದು ದಿನ ಟೀ ಅಂಗಡಿಯಲ್ಲಿ ಯಾರೋ "ಏನ್ ಪಾಪಯ್ಯಾ, ನಿನ್ ಜೈಲ್ ಹಕ್ಕಿ ಹೆಂಗಿದ್ದಾನೆ?" ಅಂದನಂತೆ. ನಾಲ್ಕು ಜನ ನಕ್ಕರು. ಅಲ್ಲೇ ಬೆಂಚಿನ ಮೇಲೆ ದೊಡ್ಡವೆಂಕಟಪ್ಪ ಕೂತಿದ್ದ, ಏಟು ತಿಂದವನು. ಅವನು ಲೋಟ ಕೆಳಗಿಟ್ಟು, "ಏಟು ಬಿದ್ದಿದ್ದು ನನ್ ತಲೆಗೆ. ನಿಮಗ್ಯಾಕ್ಲಾ ನಗು? ಕೇಸನ್ನ ಕೋರ್ಟ್ ನೋಡ್ಕೊಳ್ತದೆ. ಆ ಹುಡುಗ ಸಾಯ್ಲಿ ಅಂತ ನಾನು ಎಲ್ಲೂ ಕಂಪ್ಲೇಂಟ್ ಕೊಟ್ಟಿಲ್ಲ" ಅಂದ. ಯಾರೂ ಮತ್ತೆ ನಗಲಿಲ್ಲ. ಪಾಪಯ್ಯ ಟೀ ಕುಡಿಯದೆ ಮನೆಗೆ ಬಂದ.

ಕೋರ್ಟಿನ ವಾಯ್ದಾ ದಿನ ಹತ್ತಿರ ಬರುತ್ತಿದ್ದ ಹಾಗೆ ಕುಮಾರೇಶ ಮತ್ತೆ ಮಾತು ನಿಲ್ಲಿಸಿದ. ಒಂದು ಮಧ್ಯಾಹ್ನ ಅಂಜಿನಮ್ಮ ನೀರು ಹಿಡಿಯೋಕೆ ಹೋಗಿ ಬರುವಷ್ಟರಲ್ಲಿ ಅವನಿರಲಿಲ್ಲ. ಫೋನ್ ಮಾಡಿದರೆ ಬಿಜಿ. ಮತ್ತೆ ಮಾಡಿದರೂ ಬಿಜಿ. ಪವಿತ್ರ ತೋಟದ ಕಡೆ ಓಡಿದಳು, ನಾನು ಬಾವಿ ಕಡೆ ಓಡಿದೆ. ಆ ದಿನದ ಭಯ ಯಾರಿಗೂ ಬೇಡ. ಬಾವಿಯಲ್ಲಿ ನೀರು ಬಿಟ್ಟರೆ ಏನೂ ಕಾಣಲಿಲ್ಲ, ಆದರೂ ನನಗೆ ಅಲ್ಲಿಂದ ಕಾಲು ಕೀಳೋಕಾಗಲಿಲ್ಲ.

ಆಗ ಪವಿತ್ರಳಿಗೆ ಫೋನ್ ಬಂತು. ಅವನೇ ಮಾಡಿದ್ದ. ತಳಿ ಬಸ್ ಸ್ಟ್ಯಾಂಡಲ್ಲಿದ್ದ.

ಪಾಪಯ್ಯನೂ ನಾವೂ ಓಡಿ ಹೋದಾಗ ಕಟ್ಟೆ ಮೇಲೆ ಕೂತಿದ್ದ. ಕೆಟ್ಟ ಯೋಚನೆಯಲ್ಲೇ ಮನೆ ಬಿಟ್ಟು ಬಂದಿದ್ದನಂತೆ. ಬಸ್ ಸ್ಟ್ಯಾಂಡಲ್ಲಿ ಡಾಕ್ಟರ್ ಕೊಟ್ಟ ಆ ನಂಬರ್ ನೆನಪಾಗಿ ಮಾಡಿದ್ದ. "ಕನ್ನಡದಲ್ಲೇ ಮಾತಾಡಿದ್ರು ಚಿಕ್ಕಮ್ಮ. ಬೈಲಿಲ್ಲ. ಏನ್ ತಪ್ಪು ಮಾಡ್ದೆ ಅಂತಾನೂ ಕೇಳ್ಲಿಲ್ಲ. ನಾನ್ ಹೇಳೋದನ್ನ ಕೇಳಿದ್ರು. ಮನೆಯೋರ್ಗೆ ಫೋನ್ ಮಾಡ್ತೀಯಾ ಅಂದ್ರು."

ಪಾಪಯ್ಯ ಹೋಗಿ ಮಗನ ಪಕ್ಕದಲ್ಲಿ ಕೂತ.

"ನಿನ್ ಮೇಲೆ ನಂಗೆ ಸಿಟ್ಟದೆ ಕಣ್ಲಾ" ಅಂದ. "ಇನ್ನೂ ಇರ್ತದೆ. ಆದ್ರೆ ನೀನೇ ಇಲ್ದೇ ಇದ್ರೆ ಆ ಸಿಟ್ಟನ್ನ ನಾನು ಯಾರ್ ಮೇಲೆ ತೋರಿಸ್ಲಿ? ಬಾರ್ಲಾ ಮನೆಗೆ. ಕೋರ್ಟ್‌ಗೆ ನಾನೂ ಬತ್ತೀನಿ."

ಕುಮಾರೇಶ ಜನರೆಲ್ಲ ನೋಡುತ್ತಿರುವಾಗಲೇ ಅಪ್ಪನ ಭುಜಕ್ಕೆ ತಲೆ ಕೊಟ್ಟು ಅತ್ತ. ಜೈಲಿಂದ ಬಂದ ಮೇಲೆ ಅವನು ಅತ್ತಿದ್ದು ಅದೇ ಮೊದಲು.

ಈಗ ಎಲ್ಲ ಸರಿಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೇಸು ನಡೆಯುತ್ತಿದೆ. ವಾಯ್ದಾಕ್ಕೆ ಅಪ್ಪ ಮಗ ಒಟ್ಟಿಗೆ ಹೋಗುತ್ತಾರೆ. ಸರ್ಕಾರದಿಂದಲೇ ವಕೀಲರನ್ನು ಕೇಳಬಹುದು ಅಂತ ಗೊತ್ತಾಗಿ ಕೇಳಿಕೊಂಡಿದ್ದಾರೆ. ಕುಮಾರೇಶ ಮಾತ್ರೆ ಬಿಟ್ಟಿಲ್ಲ. ಹೂವಿನ ಶೆಡ್ಡಲ್ಲಿ ಗುಲಾಬಿ ಕಟ್ಟು ಕಟ್ಟುವ ಕೆಲಸ ಸಿಕ್ಕಿದೆ. ಕೆಲವು ದಿನ ಮಂಕಾಗಿರುತ್ತಾನೆ. ಆ ದಿನ ಪಾಪಯ್ಯನೇ, "ಇವತ್ತು ಮನಸ್ಸು ಹೆಂಗದೆ ಕಣ್ಲಾ?" ಅಂತ ಕೇಳುತ್ತಾನೆ. ಮೊನ್ನೆ ಅಪ್ಪ ಮಗ ಬಾಗಲೂರಿಗೆ ಹೋಗಿ ಯುವರಾಜನ ತಾಯಿಯನ್ನು ನೋಡಿಕೊಂಡು ಬಂದರು. ಆ ತಾಯಿ, "ಮನೆಗೆ ಬಂದ್ಮೇಲೇ ಅಪಾಯ ಅಂತ ನಮಗೆ ಯಾರೂ ಹೇಳ್ಲಿಲ್ಲವಲ್ಲಪ್ಪಾ" ಅಂದಳಂತೆ.

ಅದಕ್ಕೇ ನಾನು ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಮನೆಗೋ, ನಿಮ್ಮ ಬೀದಿಗೋ ಯಾರಾದರೂ ಜೈಲಿಂದ ಬಂದಿದ್ದರೆ, ಬಂದಾಯಿತಲ್ಲ ಅಂತ ಕೈ ತೊಳೆದುಕೊಳ್ಳಬೇಡಿ. ಮಾತಾಡಿಸಿ. ಊಟ, ನಿದ್ದೆ ಬಿಟ್ಟರೆ, ನಾನು ಭಾರ ಅಂದರೆ, ತನ್ನ ಸಾಮಾನು ಹಂಚಿದರೆ, ಸಾಯೋ ಯೋಚನೆ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ. ಹೌದು ಅಂದರೆ ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ಕಾಸಿಲ್ಲ. ಜೀವಕ್ಕೆ ತಕ್ಷಣ ಅಪಾಯ ಅನ್ನಿಸಿದರೆ 108ಕ್ಕೆ ಮಾಡಿ.

ಜೈಲಿಂದ ಬಂದು ಈ ಮಾತು ಕೇಳುತ್ತಿರುವವರು ನೀವೇ ಆಗಿದ್ದರೆ, ಅಣ್ಣಾ, ತಂಗೀ, ಇವತ್ತೇ ಯಾರಾದರೂ ಒಬ್ಬರ ಹತ್ತಿರ ಬಾಯಿ ಬಿಡಿ. ನಿಮ್ಮ ತಪ್ಪು ಎಷ್ಟು ದೊಡ್ಡದಾದರೂ ಇರಲಿ, ನೀವು ಬದುಕಿರಬೇಕು.