ಮೂರನೇ ಕೂಗು

“ಬಾಯಿ ಮುಚ್ಚೇ ಲೌಡಿ! ಒಳಗೆ ದೊಡ್ಡೋರು ಮೀಟಿಂಗ್ ಮಾಡ್ತಿದಾರೆ, ಇಲ್ಲಿ ನಿಂದೊಂದು ರಾಗ!”

ಸೂಪರ್‌ವೈಸರ್ ಹೀಗೆ ಬೈದಾಗ ಅತ್ತಿಗೆಯ ಕೈಯಲ್ಲಿ ಹಗ್ಗವಿತ್ತು. ಅದರ ಇನ್ನೊಂದು ತುದಿ ಕಚೇರಿ ಎದುರಿನ ಒಳಚರಂಡಿ ಗುಂಡಿಯೊಳಗೆ, ಹದಿನೆಂಟು ಅಡಿ ಕೆಳಗೆ ಹೂಳು ಬಾಚುತ್ತಿದ್ದ ನನ್ನ ಅಣ್ಣನ ಸೊಂಟದಲ್ಲಿತ್ತು.

“ಹಾಡು ನಿಲ್ಸಿದ್ರೆ ಅವ್ನು ಹೆಂಗಿದಾನೆ ಅಂತ ಗೊತ್ತಾಗಲ್ಲ ಸಾರ್.”

“ಎಲ್ಲಿಗೆ ಹೋಗ್ತಾನೆ? ಸಿನಿಮಾಕ್ಕಾ? ಇನ್ನೊಂದು ಸಲ ಬಾಯಿ ಬಿಟ್ರೆ ಮೂರೂ ಜನ ನಾಳೆಯಿಂದ ಬರೋದೇ ಬೇಡ.”

ಹಿಂದೆ ನಿಂತಿದ್ದ ಗುಮಾಸ್ತರಿಬ್ಬರು ನಕ್ಕರು. ನಾನು ನಗಲಿಲ್ಲ ನಿಜ, ಆದರೆ ಮಾತೂ ಆಡಲಿಲ್ಲ. ಹೂಳಿನ ಬುಟ್ಟಿ ಹಿಡಿದುಕೊಂಡು ನೆಲ ನೋಡುತ್ತ ನಿಂತೆ.

ನಮ್ಮ ಕೆಲಸದಲ್ಲಿ ಹಾಡು ಶೋಕಿಗಲ್ಲ. ಗುಂಡಿಯೊಳಗಿನ ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಮೊದಲು ತಲೆ ತಿರುಗುತ್ತದೆ, ಆಮೇಲೆ ನಾಲಿಗೆ ಬಿದ್ದುಹೋಗುತ್ತದೆ. ಅದಕ್ಕೇ ಮೇಲಿನವರು ಒಂದು ಸಾಲು ಹೇಳಬೇಕು, ಕೆಳಗಿನವರು ಉತ್ತರ ಕೊಡಬೇಕು. ಮೂರು ಕೂಗಿಗೆ ಉತ್ತರ ಬರದಿದ್ದರೆ ಯಾರನ್ನೂ ಕೇಳದೆ ಹಗ್ಗ ಎಳೆಯಬೇಕು. ಉಳಿದವರು ‘ಹೋ’ ಎಂದು ಅರಚಿ ಮುಗಿಸುತ್ತಿದ್ದರು. ಅತ್ತಿಗೆ ಮಾತ್ರ ನಿಂತಲ್ಲೇ ಪದ ಕಟ್ಟುತ್ತಿದ್ದಳು.

“ಮೂರನೇ ಮಹಡಿ ಮೇಷ್ಟ್ರು ಏನುಂಡ್ರು ರಾತ್ರಿ, ಕೆಳಗಿರೋ ಗಂಡ, ಹೇಳ್ತೀಯಾ?”

“ಮೂಗಿಗೆ ಗೊತ್ತಾಯ್ತು, ಬಾಯಲ್ಲಿ ಹೇಳಲಾರೆ, ಇದ್ದೀನೇ ಹೆಣ್ಣೇ, ಇದ್ದೀನಿ!”

ಬೀದಿಯವರು ಬಿದ್ದು ಬಿದ್ದು ನಗುತ್ತಿದ್ದರು. ಮೂರನೇ ಮಹಡಿಯ ಕಿಟಕಿ ಮಾತ್ರ ದಢಾರನೆ ಮುಚ್ಚಿಕೊಳ್ಳುತ್ತಿತ್ತು.

ಆ ದಿನ ಹಾಡು ನಿಂತಿತು. ಮೀಟಿಂಗ್ ಮುಗಿದು ದೊಡ್ಡವರು ಕಾರು ಹತ್ತುವ ಹೊತ್ತಿಗೆ ನಾವು ಹಗ್ಗ ಎಳೆದೆವು. ಅಣ್ಣ ಬಂದ, ಬರೀ ಭಾರವಾಗಿ ಬಂದ.

“ಕುಡಿದು ಇಳಿದಿರ್ತಾನೆ, ನನ್ಮಗ,” ಎಂದ ಸೂಪರ್‌ವೈಸರ್. ಸಾವಿನ ಕಾಗದದಲ್ಲಿ ಹೃದಯಾಘಾತ ಎಂದು ಬರೆಸಿದ. ಅಣ್ಣ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ.

ವಾರ ಕಳೆದು ಅತ್ತಿಗೆ ಅದೇ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಚೇರಿಯ ಗೇಟಿನ ಮುಂದೆ ಕೂತಳು. ತನ್ನ ಸಾಲು ಹಾಡಿದಳು. ಅಣ್ಣನ ಸಾಲಿನ ಜಾಗದಲ್ಲಿ ಸುಮ್ಮನಿದ್ದಳು. ಅವನು ಉತ್ತರ ಕೊಡಲು ಎಷ್ಟು ಹೊತ್ತು ಬೇಕಿತ್ತೋ ಸರಿಯಾಗಿ ಅಷ್ಟೇ ಹೊತ್ತು. ಮತ್ತೆ ಹಾಡಿದಳು, ಮತ್ತೆ ಸುಮ್ಮನಾದಳು. ಗೇಟಿನ ಕಾವಲುಗಾರ ಮುಖ ಆ ಕಡೆ ತಿರುಗಿಸಿಕೊಂಡ.

ಅಲ್ಲಿಂದ ಶುರುವಾಯಿತು. ಉದ್ದ ಕೂದಲಿನ ಕಾಲೇಜು ಹುಡುಗರು ಗಿಟಾರ್ ಹೊತ್ತುಕೊಂಡು ಮನೆ ಹುಡುಕಿ ಬಂದರು. ಗಿರಣಿ ಬಾಗಿಲಲ್ಲಿ, ಮೈದಾನದಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ ಅತ್ತಿಗೆ ಹಾಡಿದಳು. ಎರಡು ಸಲ ಒಳಗೆ ಹಾಕಿದರು, ಒಳಗೂ ಹಾಡಿದಳು. ರೇಡಿಯೋದವರು ಅವಳ ಹಾಡು ಹಾಕುವುದಿಲ್ಲವೆಂದರು. ಪೇಪರಿನವರು ‘ಹಗ್ಗದಕ್ಕ’ ಎಂದು ಹೆಸರಿಟ್ಟರು. ಕ್ಯಾಸೆಟ್ ಕಂಪನಿಯವನೊಬ್ಬ ಆ ಖಾಲಿ ಜಾಗಕ್ಕೆ ಕೊಳಲು ತುಂಬಿಸಿದಾಗ ಅವನ ಅಂಗಡಿಗೇ ನುಗ್ಗಿ ಟೇಪು ಎಳೆದು ಹಾಕಿ ಬಂದಳು. ಕೊನೆಗೆ ಅವಳ ಮುಖ ಅಚ್ಚಾದ ಅಂಗಿಗಳೂ ಬಂದವು.

“ನನ್ನ ಮೂತಿ ಎದೆ ಮೇಲೆ ಹಾಕ್ಕೊಂಡು ಓಡಾಡ್ತಾರಲ್ಲೋ. ನಮ್ಮ ಗುಂಡಿ ಹತ್ರ ಒಬ್ರಾದ್ರೂ ಬಂದ್ರಾ?” ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಅಣ್ಣ ಹೋಗಿ ಹನ್ನೆರಡು ವರ್ಷವಾಗಿತ್ತು, ನಾನು ಇನ್ನೂ ದಿನಗೂಲಿಗೆ ಗುಂಡಿಗೆ ಇಳಿಯುತ್ತಿದ್ದೆ.

ಆಗ ಕಚೇರಿಯಿಂದ ಕರೆ ಬಂತು. ಹಳೆಯ ಸೂಪರ್‌ವೈಸರ್ ಈಗ ದೊಡ್ಡ ಸಾಹೇಬನಾಗಿದ್ದ. ಜವಾನ ನಮ್ಮ ಚಪ್ಪಲಿಯನ್ನು ಹೊರಗೆ ಬಿಡಿಸಿ, ಗೋಡೆಗೆ ಒರಗಬೇಡಿ ಎಂದ. ಕುರ್ಚಿಗಳು ನಾಲ್ಕಿದ್ದವು. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ.

“ಹಳೇದೆಲ್ಲ ಬಿಡೀಮ್ಮ,” ಎಂದ ಸಾಹೇಬ. ಅವಳಿಗೆ ಅವನು ಬಹುವಚನ ಕೊಟ್ಟದ್ದು ಅದೇ ಮೊದಲು. “ಕಚೇರಿಗೆ ಐವತ್ತು ವರ್ಷ ಆಯ್ತು, ನಿಮಗೆ ಸನ್ಮಾನ. ಆ ಹಾಡೇ ಹಾಡಿ. ಆದ್ರೆ ನಡುವೆ ಸುಮ್ನಿರ್ತೀರಲ್ಲ, ಅದು ಬೇಡ. ಕೇಳೋರಿಗೆ ಒಂಥರಾ ಆಗುತ್ತೆ. ಇವ್ನು ನಿಮ್ಮ ಮೈದುನ ಅಲ್ವಾ? ಅಲ್ಲಿ ಇವ್ನು ‘ಇದ್ದೀನಿ’ ಅನ್ಲಿ ಸಾಕು. ಇವ್ನನ್ನ ಖಾಯಂ ಮಾಡಿ ಸ್ಟೋರ್ ರೂಮಿನ ಕೆಲ್ಸಕ್ಕೆ ಹಾಕ್ತೀನಿ. ಇನ್ಮೇಲೆ ಗುಂಡಿಗಿಳಿಯೋ ಹಾಗಿಲ್ಲ.”

“ಹೂಂ ಸಾರ್,” ಎಂದುಬಿಟ್ಟೆ. ಅತ್ತಿಗೆಯ ಮುಖ ಕೂಡ ನೋಡಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಮೆಟ್ಟಿಲು ಹತ್ತಿದರೆ ನನ್ನ ಎದೆ ಸಿಳ್ಳೆ ಹಾಕುತ್ತದೆ.

ದಾರಿಯಲ್ಲಿ ಅವಳು ಹೇಳಿದಳು: “ನಿನ್ನ ಕೆಮ್ಮು ನಂಗೂ ಕೇಳ್ಸುತ್ತೆ ಕಣೋ. ನಾನು ಹಾಡ್ತೀನಿ, ಜಾಗ ಬಿಡ್ತೀನಿ. ಮಿಕ್ಕಿದ್ದು ನಿಂದು.”

“ಬೈದಾದ್ರೂ ಬಿಡು ಅತ್ತಿಗೆ.”

“ಬೈದ್ರೆ ನಿಂಗೆ ಹಗುರ ಆಗುತ್ತೆ. ಅದಕ್ಕೇ ಬೈಯಲ್ಲ.”

ಸನ್ಮಾನದ ದಿನ ಮಧ್ಯಾಹ್ನ ಸಭಾಂಗಣ ತುಂಬಿತ್ತು. ನನಗೆ ಹೊಸ ಖಾಕಿ ಹಾಕಿಸಿ, ವೇದಿಕೆಯ ಮೇಲೆ ಅದೇ ಹಗ್ಗ ಸೊಂಟಕ್ಕೆ ಸುತ್ತಿಕೊಂಡಿದ್ದ ಅತ್ತಿಗೆಯ ಪಕ್ಕ ಮೈಕಿನ ಮುಂದೆ ನಿಲ್ಲಿಸಿದರು. ಬಟ್ಟೆಯ ಗಂಜಿ ಕುತ್ತಿಗೆ ಕೆರೆಯುತ್ತಿತ್ತು. ಮೊದಲ ಸಾಲಿನಲ್ಲಿ ಸಾಹೇಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಸ ಗುಡಿಸಲು ಕರೆಸಿದ್ದ ನಮ್ಮವರು ಕೊನೆಯಲ್ಲಿ, ಗೋಡೆಗೆ ತಾಗದಂತೆ ನಿಂತಿದ್ದರು.

“ಕೆಳಗಿರೋ ಗಂಡ, ಹೇಳ್ತೀಯಾ?”

ನಾನು ಬಾಯಿ ತೆರೆದೆ. ಒಂದು ಮಾತು, ಅಷ್ಟೇ. ನಾನು ಇದ್ದೀನಿ ಎಂದರೆ ಅಣ್ಣ ಇದ್ದಾನೆ, ಅಲ್ಲಿ ಯಾರೂ ಸಾಯಲೇ ಇಲ್ಲ. ಅವತ್ತು ಬೇಕಾದಾಗ ಹೊರಡದ ದನಿ ಇವತ್ತು ಯಾವ ಮುಖದಿಂದ ಹೊರಡುತ್ತದೆ? ಬಾಯಿ ಮುಚ್ಚಿಕೊಂಡೆ.

ಎರಡನೇ ಸಲ ಕೂಗಿದಳು. ಸಾಹೇಬ ಕಾಲು ಇಳಿಸಿದ. ‘ಹೇಳೋ ಬೋಳಿಮಗನೆ’ ಎಂದು ಅವನ ತುಟಿ ಅಲ್ಲಾಡಿದ್ದು ನನಗೆ ಚೆನ್ನಾಗಿ ಕಂಡಿತು. ಆದರೂ ಹೇಳಲಿಲ್ಲ.

ಮೂರನೇ ಕೂಗು. ಯಾರೋ ಕೆಮ್ಮಿದರು.

ಅತ್ತಿಗೆ ಸೊಂಟದ ಹಗ್ಗ ಬಿಚ್ಚಿದಳು. ಒಂದು ತುದಿಯನ್ನು ಹಿಡಿದು, ಇನ್ನೊಂದನ್ನು ಸಾಹೇಬನ ಮಡಿಲಿಗೆ ಎಸೆದಳು.

“ಮೂರಾಯ್ತು. ಎಳೀರಿ ಸಾಹೇಬ್ರೆ.”

ಮೈಕು ಆರಿತು. ಪೊಲೀಸರು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು. ಸಾಹೇಬ ಹಗ್ಗ ಮುಟ್ಟಲೂ ಇಲ್ಲ, ಕೊಡವಲೂ ಇಲ್ಲ. ನಾನು ಅತ್ತಿಗೆಯ ಕೈಯಿಂದ ಈ ತುದಿಯನ್ನು ತೆಗೆದುಕೊಂಡು ಹೊಸ ಖಾಕಿಯ ಮೇಲೆ ಸೊಂಟಕ್ಕೆ ಬಿಗಿದೆ, ಗಂಟು ಹಾಕಿದೆ, ಅವನು ಎಳೆಯಲಿ ಎಂದು ಅವನನ್ನೇ ನೋಡುತ್ತ ನಿಂತೆ.