ಸಂಬಂಧ: ನೆರೆಯವರು

ದಾರದ ತುದಿ ಮತ್ತೆ ಎರಡಾಗಿ ಸೀಳಿತು, ನಾಲಿಗೆಗೆ ತಾಗಿಸಿ ಹೊಸೆದರೂ ಸೂಜಿಯ ಕಣ್ಣಿಗೆ ಇಳಿಯುತ್ತಿಲ್ಲ, ಕಿಟಕಿಯ ಬೆಳಕಿಗೆ ಹಿಡಿಯಬೇಕು, ಹೀಗೆ, ಹಾಂ, ಹೋಯಿತು — ಇನ್ನು ನಾಲ್ಕು ಲಂಗ, ಎರಡು ಟವೆಲು, ಒಂದು ಹೊದಿಕೆ, ಪ್ರತಿಯೊಂದರ ಅಂಚಿಗೂ ಕೆಂಪು ದಾರದಲ್ಲಿ ಇಪ್ಪತ್ತಾರು ಅಂತ ಹೊಲಿಯಬೇಕು, ವಸತಿಶಾಲೆಯವರು ಕೊಟ್ಟ ಪಟ್ಟಿಯಲ್ಲಿ ಹಾಗೇ ಬರೆದಿದೆ, ಹೆಸರು ಬೇಡ, ನಂಬರು ಸಾಕು, ಒಗೆಯುವವರಿಗೆ ಸುಲಭ. ಅಮ್ಮಾ, ಚಡ್ಡಿಗೂ ನಂಬರಾ, ಯಾರು ಕದೀತಾರಮ್ಮ ನನ್ನ ಚಡ್ಡೀನ, ಅಂತ ಬೆಳಿಗ್ಗೆ ಕೇಳಿ ತಾನೇ ಬಿದ್ದು ಬಿದ್ದು ನಕ್ಕಳು ಮಗಳು, ಎಂಟು ವರ್ಷಕ್ಕೆ ಎಷ್ಟು ಮಾತು, ಈಗ ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಮಲಗಿ ಬಣ್ಣ ಹಚ್ಚುತ್ತಿದ್ದಾಳೆ, ಪೆನ್ಸಿಲಿನ ಸದ್ದು ಕೇಳುತ್ತಿರುವವರೆಗೆ ನನಗೆ ನೆಮ್ಮದಿ, ಸದ್ದು ನಿಂತರೆ ನನ್ನ ಕೈಯೂ ನಿಲ್ಲುತ್ತದೆ, ಕಿವಿ ಮಾತ್ರ ಕೆಲಸ ಮಾಡುತ್ತದೆ, ಎರಡು ವರ್ಷದಿಂದ ಹೀಗೇ. ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಫಿಟ್ಸ್ ಬರುತ್ತದೆ. ಶಾಲೆಯವರು ಬೇರೆ ಮಕ್ಕಳು ಹೆದರ್ತಾರೆ ನೋಡಿ ಅಂದರು, ನಾನು ಮುದ್ರಣಾಲಯದ ಬೈಂಡಿಂಗ್ ಕೆಲಸ ಬಿಟ್ಟೆ, ಇವರು ಟೈರ್ ಅಂಗಡಿಯಲ್ಲಿ ಎರಡು ಪಾಳಿ ಮಾಡಿದರು. ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದ್ದೀಯಾ, ಅಲ್ಲಿ ನರ್ಸ್ ಇರ್ತಾರೆ, ಅಂಥಾ ಮಕ್ಕಳ ಜೊತೆ ಅವಳೂ ಬೆರೀತಾಳೆ, ವಾರ ವಾರ ಹೋಗಿ ನೋಡ್ಕೊಂಡ್ ಬಂದ್ರಾಯ್ತು, ಅಂತಾರೆ, ಕೆಟ್ಟವರಲ್ಲ, ಹೇಳುವಾಗ ನನ್ನ ಕಡೆ ನೋಡದೆ ಉಗುರಿನ ಸಂದಿಯ ಮಸಿ ಕೆರೆಯುತ್ತಿರುತ್ತಾರೆ. ಇವತ್ತು ನಾಲ್ಕು ಗಂಟೆಗೆ ವಾರ್ಡನ್ ಫೋನ್ ಮಾಡುತ್ತಾರೆ. ಹೂಂ ಅಂದರೆ ನಾಳೆ ಗಾಡಿ ಬರುತ್ತದೆ. ಈಗ ಮೂರೂಕಾಲು. ಆರರ ಹೊಟ್ಟೆ ಸೊಟ್ಟಗಾಯಿತು, ಇರಲಿ, ಬಿಚ್ಚಿ ಹೊಲಿಯುವಷ್ಟು ಹೊತ್ತಿಲ್ಲ, ಒಲೆಯ ಮೇಲೆ ಹಾಲಿದೆ, ಉರಿ ಸಣ್ಣ ಮಾಡಿದೆನೋ ಇಲ್ಲವೋ, ಮಾಡಿದೆ.

ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ, ಅಂತ ಡಾಕ್ಟರು ಕೇಳಿರದಿದ್ದರೆ ಇದೊಂದೂ ಇರುತ್ತಿರಲಿಲ್ಲ. ಇಲ್ಲ ಅಂದಿದ್ದೆ. ಅಪ್ಪ ಇಲ್ಲ, ಕೇಳುವುದಾದರೆ ಅಪ್ಪನ ತಂಗಿ, ಚಿಕ್ಕತ್ತೆ ಒಬ್ಬಳೇ. ಫೋನಿನಲ್ಲಿ ಸುಮ್ಮನೆ ಕೇಳಿದೆ, ಅವಳು ಕಾಳು ಆರಿಸುತ್ತಿದ್ದಳು, ಮೊರದ ಸದ್ದು ಬರುತ್ತಿತ್ತು, ನಮ್ಮ ಗುಬ್ಬಿಗೂ ಹಿಂಗೇ ಅಲ್ವೇನೇ ಬರ್ತಿದ್ದಿದ್ದು, ಅಂದಳು, ಮೊರದ ಸದ್ದು ನಿಂತಿತು. ಯಾವ ಗುಬ್ಬಿ ಚಿಕ್ಕತ್ತೆ. ಯಾರೂ ಇಲ್ಲ ಬಿಡು. ಯಾವ ಗುಬ್ಬಿ. ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ, ನನಗೂ ನಿಮ್ಮಪ್ಪಂಗೂ ನಡುವೆ ಒಬ್ಳಿದ್ಳು ಕಣೇ, ನನ್ನ ಜಡೆ ಅವಳೇ ಹಾಕ್ತಿದ್ದಿದ್ದು, ನನ್ನ ಮದುವೆ ಮಾತು ನಡೀತಿತ್ತು ಆಗ, ಫಿಟ್ಸ್ ಬರೋ ಮನೆ ಅಂದ್ರೆ ಯಾರು ಬರ್ತಾರೆ, ಗೋಡೆ ಆಸ್ಪತ್ರೆಗೆ, ಅದೇ ಹುಚ್ಚಾಸ್ಪತ್ರೆಗೆ, ಸೇರಿಸಿದ್ರು, ಆಮೇಲೆ ಹೋಗ್ಬಿಟ್ಳು ಅಂದ್ರು, ನಾನೂ ಅತ್ಬಿಟ್ಟೆ, ಹದಿನೇಳು ನಂಗೆ, ಅಳೋದು ಬಿಟ್ಟು ಏನ್ ಮಾಡ್ಲಿ. ಯಾವಾಗ ಹೋದಳು, ಹೋದಳು ಅಂತ ಹೇಳಿದವರು ಯಾರು, ನೋಡಿದವರು ಯಾರು, ಅದೊಂದೂ ಅವಳಿಗೆ ಗೊತ್ತಿಲ್ಲ. ನನಗೆ ಒಬ್ಬಳು ಸೋದರತ್ತೆ ಇದ್ದಳು ಅನ್ನುವುದು ಮೂವತ್ತೆಂಟನೆಯ ವರ್ಷದಲ್ಲಿ ಗೊತ್ತಾಯಿತು, ಯಾರಿಗೆ ಹೇಳಲಿ, ಇವರಿಗೆ ಹೇಳಿದರೆ ಈಗ ಅದೆಲ್ಲ ಯಾಕೆ ಅಂದರು. ಹುಡುಗಿಯನ್ನು ಕಳಿಸಿದ ಮೇಲೆ ಏನಾಗುತ್ತದೆ ಅಂತ ನೋಡಬೇಕಿತ್ತು, ಅಷ್ಟೇ. ಕಳಿಸಿದ ಹುಡುಗಿ ನಮ್ಮ ಮನೆಯಲ್ಲಿ ಅವಳೊಬ್ಬಳೇ.

ನಿನ್ನೆ ಮಗಳನ್ನು ಎದುರು ಮನೆಯ ನರ್ಸಮ್ಮನ ಹತ್ತಿರ ಬಿಟ್ಟು ಆ ಆಸ್ಪತ್ರೆಗೆ ಹೋದೆ, ಬಸ್ಸಿನಲ್ಲಿ ಅರ್ಧ ಗಂಟೆ, ಎತ್ತರದ ಹಳದಿ ಗೋಡೆ, ಕಾಲೇಜಿಗೆ ಹೋಗುವಾಗ ಮೂರು ವರ್ಷ ದಿನಾ ಇದೇ ಗೋಡೆಯ ಪಕ್ಕ ಹೋಗುತ್ತಿದ್ದೆ, ಗೆಳತಿಯರ ಜೊತೆ ನಗುತ್ತಾ, ಸುಮ್ಮನಿರ್ರೇ ಇಳಿಸಿ ಒಳಗೆ ಹಾಕ್ತಾರೆ ಅಂತ. ದಾಖಲೆ ಕೋಣೆಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು, ಇಲ್ಲಿಗೆ ಜನ ಬರೋದು ಆಸ್ತಿ ಜಗಳಕ್ಕೆ ಕಾಗದ ಹುಡುಕ್ಕೊಂಡು ತಾಯಿ, ಮನುಷ್ಯರನ್ನ ಹುಡುಕ್ಕೊಂಡು ಬಂದೋರು ನೀವೇ ಮೊದಲು, ಕೂತ್ಕೊಳಿ, ಆ ಕುರ್ಚಿ ಬೇಡ, ಅದು ಸಾಹೇಬರನ್ನೇ ಬೀಳಿಸಿದೆ. ಹೆಸರು, ಅಂದಾಜು ವರ್ಷ ಕೇಳಿಕೊಂಡು, ಏಣಿ ಹತ್ತಿ, ಧೂಳು ಕೊಡವಿ, ಸೀನಿ, ಅವಳ ಕಡತ ಇಳಿಸಿಕೊಟ್ಟರು. ಮೊದಲ ಪುಟ. ವಯಸ್ಸು ಹತ್ತೊಂಬತ್ತು. ಕರೆತಂದವರ ಸಹಿ — ಅಪ್ಪನ ಸಹಿ, ಕೊನೆಯ ಅಕ್ಷರದ ಬಾಲ ಎಡಕ್ಕೆ ತಿರುಗಿ ಇಡೀ ಹೆಸರಿನ ಕೆಳಗೆ ಗೆರೆಯಾಗುತ್ತದಲ್ಲ, ನನ್ನ ಅಂಕಪಟ್ಟಿಗಳ ಮೇಲೆಲ್ಲ ಇರುವ ಸಹಿ, ಕೈ ತಾನಾಗಿ ಅದರ ಮೇಲೆ ಹೋಯಿತು. ಪಕ್ಕದ ಅಂಕಣದಲ್ಲಿ, ಸಂಬಂಧ: ನೆರೆಯವರು. ಅದೂ ಅಪ್ಪನ ಕೈಬರಹವೇ. ಎರಡು ಸಲ ಓದಿದೆ, ಮೂರು ಸಲ, ಬೇರೆ ಯಾರದೋ ಪುಟ ಇರಬೇಕು ಅಂದುಕೊಂಡೆ, ಗುಮಾಸ್ತರು ಹಣಕಿ ನೋಡಿ, ಮನೆ ಹೆಸರು ಬರಬಾರದು ಅಂತ ಹಿಂಗೆ ಬರೀತಿದ್ರು ತಾಯಿ, ನಿಮ್ಮೋರೊಬ್ರೇ ಅಲ್ಲ, ಅಂದರು, ಸಮಾಧಾನಕ್ಕೆ ಅಂದದ್ದು. ಪುಟ ತಿರುಗಿಸಿದೆ. ಹೊಲಿಗೆ ವಿಭಾಗದಲ್ಲಿ ಕೆಲಸ, ದಿಂಬಿನ ಚೀಲ. ಮೂರನೆಯ ವರ್ಷ, ಮಾತ್ರೆ ಹಿಡಿದಿದೆ, ಹದಿನಾಲ್ಕು ತಿಂಗಳಿಂದ ಫಿಟ್ಸ್ ಬಂದಿಲ್ಲ, ಮನೆಗೆ ಕಳಿಸಬಹುದು, ರಕ್ತಸಂಬಂಧಿಗಳು ಬಂದು ಸಹಿ ಮಾಡತಕ್ಕದ್ದು. ಅದರ ಕೆಳಗೆ ಯಾವುದೋ ನರ್ಸಿನ ಗುಂಡು ಅಕ್ಷರ — ಕರೆದೊಯ್ಯಲು ನೆರೆಯವರು ಬಂದಿದ್ದರು. ಸಂಬಂಧಿಯಲ್ಲವಾದ್ದರಿಂದ ಕಳಿಸಲಿಲ್ಲ. ಒಂದು ಗಂಟೆ ಬಾಗಿಲಲ್ಲಿ ನಿಂತಿದ್ದು ಹೋದರು. ಒಂದು ಗಂಟೆ. ಅಪ್ಪ ಯಾವ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಾರೆ ಅಂತ ನನಗೆ ಗೊತ್ತು, ಬಲಗಾಲು, ನನ್ನ ಶಾಲೆಯ ಗೇಟಿನಲ್ಲಿ ಹಾಗೇ ನಿಂತಿರುತ್ತಿದ್ದರು, ಮಳೆ ಬಂದರೆ ನನ್ನ ಚೀಲವನ್ನು ತಮ್ಮ ಅಂಗಿಯೊಳಗೆ ಹಾಕಿಕೊಳ್ಳುತ್ತಿದ್ದರು, ಅಂಥ ಅಪ್ಪ, ಒಂದು ಮಾತು, ನಾನು ಇವಳ ಅಣ್ಣ, ಸುಳ್ಳು ಬರೆದೆ, ತಪ್ಪಾಯ್ತು, ಅಷ್ಟು ಅಂದಿದ್ದರೆ ಆಗುತ್ತಿತ್ತು, ಅಥವಾ ಹಾಗೆ ಹೇಳಿದರೆ ಚಿಕ್ಕತ್ತೆಯ ಮದುವೆಯ ಮನೆಯವರಿಗೆ ತಿಳಿಯುತ್ತಿತ್ತೋ, ಪೊಲೀಸರು ಅಂತ ಹೆದರಿದರೋ, ಗೊತ್ತಿಲ್ಲ, ಕೇಳಲು ಅಪ್ಪ ಇಲ್ಲ. ಆಮೇಲಿನ ಪುಟಗಳಲ್ಲಿ ಭಾನುವಾರ. ಭಾನುವಾರ ಭೇಟಿಯ ದಿನ, ಹತ್ತರಿಂದ ಹನ್ನೆರಡು. ಸ್ನಾನ ಮಾಡಿ ಬೆಂಚಿನ ಮೇಲೆ ಕುಳಿತಿದ್ದಾಳೆ. ಭೇಟಿ ಇಲ್ಲ. ಮುಂದಿನ ವಾರ, ಸ್ನಾನ ಮಾಡಿ ಬೆಂಚಿನ ಮೇಲೆ, ಭೇಟಿ ಇಲ್ಲ. ಶಾಯಿ ನೀಲಿಯಿಂದ ಕಪ್ಪಾಗುತ್ತದೆ, ನರ್ಸುಗಳ ಕೈ ಬದಲಾಗುತ್ತದೆ, ವಾಕ್ಯ ಅದೇ. ಒಬ್ಬಳು ಮಾತ್ರ, ಹೊಸಬಳಿರಬೇಕು, ಇನ್ನೂ ಎರಡು ಸಾಲು ಬರೆದಿದ್ದಾಳೆ — ಒದ್ದೆ ಕೂದಲಲ್ಲೇ ಜಡೆ ಹಾಕಿಕೊಂಡು ಬಂದಿದ್ದಾಳೆ, ರವಿಕೆಯ ಬೆನ್ನೆಲ್ಲ ನೆನೆದಿದೆ, ನೆಗಡಿಯಾಗುತ್ತದೆ ಎಂದರೂ ಕೇಳುವುದಿಲ್ಲ, ಒಣಗಿಸುತ್ತ ಕುಳಿತರೆ ಬಂದವರು ಹೊರಟುಹೋಗುತ್ತಾರಂತೆ. ಇಪ್ಪತ್ತೆಂಟು ವರ್ಷ. ತೀರಿಕೊಂಡಳು ಎಂದು ಬರೆದ ಕೊನೆಯ ಪುಟದ ವರ್ಷ ನೋಡಿದೆ, ನಾನು ಆಗ ಎರಡನೆಯ ವರ್ಷದ ಬಿ.ಎ., ಬಸ್ಸಿನ ಕಿಟಕಿ ಪಕ್ಕ ನನಗೇ ಬೇಕು ಅಂತ ಜಗಳ ಆಡುತ್ತಿದ್ದೆ.

ಹಾಲು ಉಕ್ಕಲಿಲ್ಲ, ಕೆನೆ ಕಟ್ಟಿದೆ, ಆರಿಸಿದೆ. ಪೆನ್ಸಿಲಿನ ಸದ್ದು ಇದೆ. ಮೂರೂ ಐವತ್ತು. ಅಪ್ಪನ ಮೇಲೆ ಸಿಟ್ಟು ಬರಲಿ ಅಂತ ನಿನ್ನೆಯಿಂದ ಕಾಯುತ್ತಿದ್ದೇನೆ, ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತು, ಯಾರಿಗೂ ಹೇಳಿಲ್ಲ, ಇವರಿಗೂ. ಹೋದ ತಿಂಗಳು ಚಪ್ಪಲಿ ಅಂಗಡಿಯಲ್ಲಿ, ನಾನು ಈ ಕಡೆ ಸಾಲಿನಲ್ಲಿ ಅವಳ ಅಳತೆ ಹುಡುಕುತ್ತಿದ್ದೆ, ಆ ಕಡೆ ದೊಪ್ಪೆಂದು ಸದ್ದಾಯಿತು, ಡಬ್ಬಗಳು ಉರುಳಿದವು, ಜನ ಸುತ್ತ ನಿಂತರು, ಅಯ್ಯಯ್ಯೋ ಬಾಯಲ್ಲಿ ನೊರೆ, ಯಾರ್ರೀ ಈ ಮಗೂನ ಕರ್ಕೊಂಡ್ ಬಂದಿದ್ದು, ಯಾರದ್ರೀ ಮಗು ಇದು, ಅಂಗಡಿಯವನು ಕೂಗಿದ, ನನ್ನ ಪಕ್ಕದಲ್ಲಿದ್ದ ಹೆಂಗಸು ನನ್ನನ್ನೇ ನೋಡಿ ಪಾಪ ಅಲ್ವಾ ಯಾರದೋ ಏನೋ ಅಂದಳು, ನಾನು ಹೂಂ ಅಂದೆ. ಹೂಂ ಅಂದೆ. ಒಂದು ಉಸಿರು, ಎರಡು ಉಸಿರು, ಅಷ್ಟೇ, ಆಮೇಲೆ ಓಡಿದೆ, ಅವಳನ್ನು ಪಕ್ಕಕ್ಕೆ ಹೊರಳಿಸಿದೆ, ತಲೆಯ ಕೆಳಗೆ ಸೆರಗು ಮಡಿಸಿಟ್ಟೆ, ಎಲ್ಲ ಮಾಡಿದೆ, ಕಣ್ಣು ಬಿಟ್ಟವಳು ಅಮ್ಮಾ ಕೆಂಪು ಚಪ್ಪಲಿ ಅಂದಳು, ಕೊಡಿಸಿದೆ — ಆದರೆ ಆ ಎರಡು ಉಸಿರು ನಾನು ನೆರೆಯವಳಾಗಿದ್ದೆ. ಎರಡು ಉಸಿರಿಗೂ ಒಂದು ಗಂಟೆಗೂ ಎಷ್ಟು ದೂರ. ಇವತ್ತು ಕಳಿಸಿದರೆ ವಾರ ವಾರ ಹೋಗುತ್ತೇವೆ, ಹೋಗುತ್ತೇವೆ, ಆಮೇಲೊಂದು ವಾರ ಇವರಿಗೆ ಪಾಳಿ ಇರುತ್ತದೆ, ಒಂದು ವಾರ ನನಗೆ ಜ್ವರ, ಒಂದು ವಾರ, ಹೋದವಾರ ಹೋಗಿದ್ದೆವಲ್ಲ ಅಂತ. ಫೋನ್. ಬಡಿದುಕೊಳ್ಳುತ್ತಿದೆ ಫೋನ್, ಸೂಜಿ ಎಲ್ಲಿ ಚುಚ್ಚಿದೆನೋ, ಬೆರಳಿಗೇ. ಹಲೋ, ವಸತಿಶಾಲೆಯಿಂದ, ಮಾತಾಡ್ತಿರೋದು ಯಾರು, ಮಗುವಿಗೆ ನೀವು ಏನಾಗ್ಬೇಕು. ತಾಯಿ, ಅಂದೆ, ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಒಳಗೆ ಪೆನ್ಸಿಲು ನಿಂತಿತು. ನಾಳೆ ಎಷ್ಟೊತ್ತಿಗೆ ಗಾಡಿ ಕಳಿಸ್ಲಿ ಅಮ್ಮ. ಬೇಡ. ಏನಂದ್ರಿ, ಸರಿಯಾಗಿ ಕೇಳಿಸ್ಲಿಲ್ಲ. ಅವಳನ್ನ ಕಳಿಸೋದಿಲ್ಲ ಮೇಡಂ, ಆ ಜಾಗ ಬೇರೆ ಯಾರಿಗಾದ್ರೂ ಕೊಡಿ. ಯೋಚನೆ ಮಾಡಿ ಹೇಳ್ತಿದ್ದೀರಾ, ಮತ್ತೆ ಸಿಗೋದು ಕಷ್ಟ. ಹೂಂ, ಗೊತ್ತು. ಇಟ್ಟರು. ಇವರು ಬಂದು ಬೈಯುವುದಿಲ್ಲ, ಉಗುರಿನ ಮಸಿ ಕೆರೆಯುತ್ತಾ ಕೂರುತ್ತಾರೆ, ಅದನ್ನು ನೋಡುತ್ತಾ ನಾನಿರಬೇಕು, ನಾಳೆಯೂ ಕಿವಿ ತೆರೆದುಕೊಂಡೇ ಇರಬೇಕು, ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ, ಒಳಗೆ ಪೆನ್ಸಿಲು ಮತ್ತೆ ಶುರುವಾಯಿತು, ಆಗಲಿ, ಮಗಳಿಗಾಗಿ ಹೇಳಲು ನಾನಿದ್ದೆ, ಹೇಳಿದೆ, ಗುಬ್ಬಿಗಾಗಿ, ಅಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಇವಳು ನಮ್ಮವಳು ಅಂತ ಹೇಳಲು — ಈಗ ಹೇಳಿದರೆ ಯಾರಿಗೆ ಕೇಳಿಸುತ್ತದೆ, ಸಹಿಯ ಜಾಗ ಇನ್ನೂ ಖಾಲಿ ಇದೆ ಆ ಕಾಗದದಲ್ಲಿ, ಭಾನುವಾರ, ಹತ್ತಕ್ಕೆ ಇನ್ನೂ ಐದು ನಿಮಿಷ, ಉದ್ದ ಬೆಂಚಿನ ಈ ತುದಿಯಲ್ಲಿ ಒಬ್ಬಳೇ, ಮುಖ ಬಾಗಿಲ ಕಡೆ, ಒದ್ದೆ ಜಡೆ, ತುದಿಯಿಂದ ಒಂದೊಂದೇ ಹನಿ, ರವಿಕೆಯ ಬೆನ್ನು, ಒದ್ದೆ ಜಡೆ, ಒದ್ದೆ ಜಡೆ