ಇನ್‌ಸ್ಪೆಕ್ಟರ್ ವಿರೂಪಾಕ್ಷನ ಸಪ್ಪೆ ಕೇಸು

ಚಿದಾನಂದನಿಗೆ ಲಕ್ವ ಹೊಡೆದು ಮಾತು ನಿಂತುಹೋದ ಮೇಲೆ, ಹೆಂಡತಿ ಸರ್ವಮಂಗಳಾ ಮಧ್ಯಾಹ್ನದ ಹೊತ್ತು ಅವನ ಪಕ್ಕ ಕೂತು ಇನ್‌ಸ್ಪೆಕ್ಟರ್ ವಿರೂಪಾಕ್ಷನ ಪತ್ತೇದಾರಿ ಕಾದಂಬರಿಗಳನ್ನು ಗಟ್ಟಿಯಾಗಿ ಓದತೊಡಗಿದಳು. ಮದುವೆಯಾದ ಹೊಸದರಲ್ಲಿ ಒಂದೇ ಪ್ರತಿಗಾಗಿ ಕಿತ್ತಾಡಿದ ಜೋಡಿ ಅದು. ಬಿಳೇಕಹಳ್ಳಿಯ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರೂ ಚಿದಾನಂದ ಅಧ್ಯಾಯ ಮುಗಿಸದೆ ಏಳುತ್ತಿರಲಿಲ್ಲ. ಈಗ ಕಣ್ಣು ಮುಚ್ಚಿ ಕೇಳುತ್ತಿದ್ದ, ಅಷ್ಟೇ. ಸರಣಿಯ ಒಳ್ಳೊಳ್ಳೆಯ ಪುಸ್ತಕಗಳೆಲ್ಲ ಮುಗಿದರೂ ತುಟಿ ಅಲುಗಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಮೇಘಶ್ರೀ 'ನೀರು', 'ಅನ್ನ' ಎಂದು ಹೇಳಿಸಲು ಹೆಣಗಿ, ತಾಳ್ಮೆ ಇರಲಿ ಎಂದು ಹೋಗುತ್ತಿದ್ದಳು.

ಕೊನೆಗೆ ಸರ್ವಮಂಗಳಾ ಜಯನಗರಕ್ಕೆ ಹೋಗಿ ಸರಣಿಯ ಹೊಸ ಪುಸ್ತಕ ತಂದಳು. ಪುಟ್ಟೇನಹಳ್ಳಿ ಕೆರೆ ಕಾಣುವ ಬಾಲ್ಕನಿಯಲ್ಲಿ ಗಂಡನ ಕುರ್ಚಿಯ ಪಕ್ಕ ಕೂತು ಕೆಲವು ಪುಟ ಓದುವಷ್ಟರಲ್ಲೇ ಅವಳ ಉತ್ಸಾಹ ಇಳಿದುಹೋಯಿತು. ಕತೆಯಲ್ಲಿ ಬಿಲ್ಡರ್ ಒಬ್ಬನ ಕೊಲೆಯಾಗಿತ್ತು. ಮನೆಯ ಅಡುಗೆಭಟ್ಟ ಪುಟಪುಟಕ್ಕೂ ಬೆವರು ಒರೆಸಿಕೊಳ್ಳುತ್ತಿದ್ದ, ಅಂಗಿಯ ಕಲೆ ಮುಚ್ಚಿಕೊಳ್ಳುತ್ತಿದ್ದ. ವಿರೂಪಾಕ್ಷನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಹಳೆಯ ವಿರೂಪಾಕ್ಷನಾಗಿದ್ದರೆ ಬಾಗಿಲಲ್ಲೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ. ಗಂಡನೆದುರು ನೆಚ್ಚಿನ ಇನ್‌ಸ್ಪೆಕ್ಟರನ ಮರ್ಯಾದೆ ಹೋಗಬಾರದೆಂದು ಅವಳು ದನಿ ಏರಿಸಿ, ಇಲ್ಲದ ರೋಚಕತೆ ತುಂಬಿ ಓದಿದಳು. ವಿರೂಪಾಕ್ಷ ಅದೇ ಭಟ್ಟನ ಕೈಯಿಂದ ಕಾಫಿ ಇಸಿದುಕೊಂಡು ಕುಡಿದು, ಕೊಲೆಗಾರ ಎಲ್ಲಿ ಅಡಗಿದ್ದಾನೋ ಎಂದು ನಿಟ್ಟುಸಿರಿಟ್ಟ.

ಕುರ್ಚಿ ಕಿರುಗುಟ್ಟಿತು. ಚಿದಾನಂದನ ಮುಖ ಕೆಂಪಾಗಿತ್ತು. ಸ್ವಾಧೀನವಿದ್ದ ಎಡಗೈಯನ್ನು ಪುಸ್ತಕದತ್ತ ಚಾಚಿದ್ದ. ಅವಳು ಗಾಬರಿಯಾಗಿ ನೀರಿನ ಲೋಟ ಹಿಡಿದಳು. ಅವನು ಅದನ್ನು ಆಚೆ ತಳ್ಳಿದ.

"ಭ... ಭಟ್ಟ," ಎಂದ. "ಭಟ್ಟನೇ ಕಣೇ."

ಆ ದನಿ ಒರಟಾಗಿತ್ತು, ತೊದಲುತ್ತಿತ್ತು, ಆದರೆ ಅವನದೇ. 'ಕಣೇ' ಎನ್ನುವಾಗಿನ ಆ ಹಳೆಯ ಅಸಹನೆಯೂ ಅವನದೇ. ಸರ್ವಮಂಗಳೆಗೆ ಎದ್ದು ಒಳಗಿದ್ದ ಮಗಳನ್ನು ಕೂಗಬೇಕೆನಿಸಿತು. ಆದರೆ ಕದಲಿದರೆ ಎಲ್ಲಿ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾನೋ ಎಂಬಂತೆ ಅಲ್ಲೇ ಕೂತಳು.

"ಇನ್ನೊಂದ್ಸಲ ಹೇಳ್ರೀ," ಎಂದಳು ಮೆಲ್ಲಗೆ.

ಅವನು ಹೇಳಿದ. ಮತ್ತೂ ಒಮ್ಮೆ ಹೇಳಿದ, ಈ ಸಲ ವಿರೂಪಾಕ್ಷನಿಗೊಂದು ಬೈಗುಳವನ್ನೂ ಸೇರಿಸಿ.

ಸುದ್ದಿ ಕೇಳಿದ ಮೇಘಶ್ರೀ, ಒತ್ತಾಯಿಸಿ ಹೇಳಿಸಿದಾಗ ಬಾರದ ಮಾತು ಒಮ್ಮೊಮ್ಮೆ ಸಿಟ್ಟಿಗೆ ಹೊರಬೀಳುತ್ತದೆ ಎಂದಳು. ಸರ್ವಮಂಗಳೆಗೆ ಆ ವಿವರಣೆ ಸಾಲಲಿಲ್ಲ. ಮಾರನೆಯ ದಿನ ಕೊನೆಯ ಅಧ್ಯಾಯದಲ್ಲಿ ಭಟ್ಟನ ಕೈಗೆ ಬೇಡಿ ಬಿದ್ದಾಗ, ಗಂಡ ಗೆದ್ದವನಂತೆ ನಗುವುದನ್ನು ನೋಡುತ್ತ, ಆ ಸಪ್ಪೆ ಪುಸ್ತಕವನ್ನು ಮುಚ್ಚಿ ಕಣ್ಣಿಗೊತ್ತಿಕೊಂಡಳು.